ಬ್ಯಾಂಡ್ ರಿಹರ್ಸಲ್ ರೆಕಾರ್ಡ್ ಮಾಡಿ, ಅದನ್ನು ಮುಂದಿನ ವಾರಕ್ಕೆ ಉಪಯೋಗಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ವಾರಕ್ಕೊಮ್ಮೆ ಸೇರಿ ನುಡಿಸುವ ಬ್ಯಾಂಡ್‌ನವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ರಿಹರ್ಸಲ್ ರೆಕಾರ್ಡ್ ಮಾಡಿದ್ವಿ. ಡ್ರಮ್ಸ್ ಬಿಟ್ರೆ ಏನೂ ಕೇಳಿಸ್ತಿಲ್ಲ. ಏನ್ ಮಾಡೋದು?" ಇನ್ನು ಕೆಲವರ ತೊಂದರೆ ಬೇರೆ. ಲ್ಯಾಪ್‌ಟಾಪ್‌ನಲ್ಲಿ ಎರಡೆರಡು ಗಂಟೆಯ ಹತ್ತಾರು ಫೈಲ್ ಬಿದ್ದಿವೆ, ಒಂದನ್ನೂ ಯಾರೂ ಪೂರ್ತಿ ಕೇಳಿಲ್ಲ.

ಎರಡೂ ಕಡೆ ಎಡವಿರುವುದು ಕೆಲಸದ ಕ್ರಮದಲ್ಲಿ. ಮೊದಲು ಸಾಫ್ಟ್‌ವೇರ್ ಹಾಕಿಕೊಳ್ಳುತ್ತಾರೆ, ಆಮೇಲೆ ಮೈಕ್ ಕೊಳ್ಳುತ್ತಾರೆ. ಯಾರು, ಯಾವಾಗ, ಏನನ್ನು ಕೇಳಬೇಕು ಅನ್ನುವುದು ಕೊನೆಗೂ ತೀರ್ಮಾನ ಆಗುವುದೇ ಇಲ್ಲ. ಹಾಗಾಗಿ ಗುರಿಯನ್ನು ಮೊದಲೇ ಹೇಳಿಬಿಡುತ್ತೇನೆ. ಭಾನುವಾರ ನುಡಿಸಿದ್ದನ್ನು ಮಂಗಳವಾರದೊಳಗೆ ಎಲ್ಲರೂ ಕೇಳಿರಬೇಕು. ಮುಂದಿನ ಭಾನುವಾರ ಅದೇ ಜಾಗದಲ್ಲಿ ಅದೇ ತಪ್ಪು ಆಗಬಾರದು. ಕೆಳಗಿನ ಎಲ್ಲ ಹಂತಗಳೂ ಇದಕ್ಕಾಗಿಯೇ.

ನಾನು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಐದು ಜನರ ಬ್ಯಾಂಡ್: ಹಾಡುವವರು, ಗಿಟಾರ್, ಬೇಸ್, ಕೀಬೋರ್ಡ್, ಡ್ರಮ್ಸ್. ಜಾಗ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಜಾಮ್ ರೂಮ್. ಡ್ರಮ್ಸ್ ಬದಲು ತಬಲಾ ಅಥವಾ ಕಹೋನ್ (ಮೇಲೆ ಕೂತು ಬಡಿಯುವ ಮರದ ಪೆಟ್ಟಿಗೆ) ಇದ್ದರೂ, ಮನೆಯ ಹಾಲ್‌ನಲ್ಲಿ ನುಡಿಸಿದರೂ ಕ್ರಮ ಬದಲಾಗುವುದಿಲ್ಲ.

## ಬೇಕಾದ ಸಾಮಾನು

- ಲ್ಯಾಪ್‌ಟಾಪ್. ಐದಾರು ವರ್ಷ ಹಳೆಯದಾದರೂ ಸಾಕು. ಕನಿಷ್ಠ 20 ಜಿಬಿ ಜಾಗ ಖಾಲಿ ಇರಲಿ.
- ಎರಡು ಇನ್‌ಪುಟ್ ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಅಂದರೆ ಮೈಕ್‌ನ ಧ್ವನಿಯನ್ನು ಲ್ಯಾಪ್‌ಟಾಪ್‌ಗೆ ಮುಟ್ಟಿಸುವ ಪೆಟ್ಟಿಗೆ. ಎಂಟು ಇನ್‌ಪುಟ್‌ನದು ಈಗ ಬೇಡ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.
- ಒಂದು ಮೈಕ್, ಒಂದು ಎತ್ತರದ ಸ್ಟ್ಯಾಂಡ್, ಒಂದು ಎಕ್ಸ್‌ಎಲ್‌ಆರ್ ಕೇಬಲ್ (ಮೈಕ್‌ನ ಮೂರು ಪಿನ್ ಕೇಬಲ್).
- ಮಿಕ್ಸರ್‌ನಿಂದ ಇಂಟರ್‌ಫೇಸ್‌ಗೆ ಎಳೆಯಲು ಒಂದು ಉದ್ದನೆಯ ಕಾಲಿಂಚಿನ ಜ್ಯಾಕ್ ಕೇಬಲ್. ಐದು ಮೀಟರ್‌ದಾದರೆ ಒಳ್ಳೆಯದು.
- ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್.
- ಬಟ್ಟೆ ಟೇಪ್. ಇದನ್ನು ಮರೆಯಬೇಡಿ.

ಸಾಫ್ಟ್‌ವೇರ್ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆಡಾಸಿಟಿ ಉಚಿತ. ಒಂದೆರಡು ಚಾನೆಲ್‌ಗೆ ಅದು ಸಾಕು. ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಕೂಡ ಉಚಿತ. ನನ್ನ ಆಯ್ಕೆ ಮಾತ್ರ ರೀಪರ್. 60 ದಿನ ಏನೂ ಕೊಡದೆ ಬಳಸಿ ನೋಡಬಹುದು, ಆಮೇಲೆ ಸ್ವಂತ ಬಳಕೆಯ ಲೈಸೆನ್ಸ್‌ಗೆ 60 ಡಾಲರ್. ರೆಕಾರ್ಡ್ ಆಗುತ್ತಿರುವಾಗಲೇ ಒಂದು ಕೀ ಒತ್ತಿ ಗುರುತು ಹಾಕಬಹುದು. ಗುರುತು ಹಾಕಿದ ಭಾಗಗಳನ್ನೆಲ್ಲ ಒಂದೇ ಸಲಕ್ಕೆ ಬೇರೆ ಬೇರೆ ಫೈಲ್ ಮಾಡಬಹುದು. ರಿಹರ್ಸಲ್ ಕೆಲಸಕ್ಕೆ ನಿಜವಾಗಿ ಬೇಕಾಗಿರುವುದು ಈ ಎರಡೇ. ಹಾಗಾಗಿ ಕೆಳಗಿನ ವಿವರ ರೀಪರ್‌ಗೆ ಹೊಂದುವಂತಿದೆ. ಆಡಾಸಿಟಿಯಲ್ಲಿ ಬೇರೆ ಇದ್ದಲ್ಲಿ ಹೇಳಿದ್ದೇನೆ.

ಇಂಟರ್‌ಫೇಸ್ ಇಲ್ಲ, ಫೋನ್ ಒಂದೇ ಇದೆ ಅನ್ನುವವರು ಹಂತ 2ರ ಜಾಗದ ನಿಯಮ ಪಾಲಿಸಿ, ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ ರೆಕಾರ್ಡ್ ಮಾಡಿ. ಆಮೇಲೆ ನೇರ ಹಂತ 7ಕ್ಕೆ ಹೋಗಿ. ಒಂದು ಎಚ್ಚರಿಕೆ: ಹಲವು ಫೋನ್‌ಗಳು ಶಬ್ದ ಜೋರಾದ ತಕ್ಷಣ ತಾವಾಗಿಯೇ ಲೆವೆಲ್ ಇಳಿಸುತ್ತವೆ. ಡ್ರಮ್ಸ್ ಬಂದಾಗಲೆಲ್ಲ ಹಾಡು ಒಳಗೆ ಹೋದಂತೆ ಕೇಳಿದರೆ ಅದೇ ಕಾರಣ. ಆಟೋ ಗೇನ್ ಅನ್ನು ಆಫ್ ಮಾಡಲು ಬಿಡುವ ರೆಕಾರ್ಡರ್ ಆ್ಯಪ್ ಹುಡುಕಿಕೊಳ್ಳಿ.

## ಹಂತ 1: ಮನೆಯಲ್ಲೇ ಟೆಂಪ್ಲೇಟ್ ಮಾಡಿಟ್ಟುಕೊಳ್ಳಿ

ಜಾಮ್ ರೂಮ್‌ನಲ್ಲಿ ಗಡಿಯಾರ ಓಡುತ್ತಿರುತ್ತದೆ. ಗಿಟಾರಿಸ್ಟ್ ಟ್ಯೂನ್ ಮಾಡಿ ಮುಗಿಸಿ ನಿಮ್ಮ ಮುಖ ನೋಡುತ್ತಿರುತ್ತಾನೆ. ಆ ಹೊತ್ತಿನಲ್ಲಿ ಡ್ರೈವರ್ ಹುಡುಕುತ್ತಾ ಕೂತರೆ ಮುಂದಿನ ವಾರ ಯಾರೂ ರೆಕಾರ್ಡಿಂಗ್ ಸುದ್ದಿ ಎತ್ತುವುದಿಲ್ಲ. ಮನೆಯಲ್ಲಿ, ಶನಿವಾರ ರಾತ್ರಿಯೇ ಇದನ್ನೆಲ್ಲ ಮುಗಿಸಿ.

1. ಇಂಟರ್‌ಫೇಸ್ ಜೋಡಿಸಿ, ಅದರ ಕಂಪನಿಯ ಡ್ರೈವರ್ ಹಾಕಿ. ರೀಪರ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ವಿಂಡೋಸ್‌ನವರು ಏಸಿಯೊ (ASIO) ಡ್ರೈವರ್ ಆರಿಸಿ.

2. ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಜ್, 24 ಬಿಟ್ ಇಡಿ. ಇಂಟರ್‌ಫೇಸ್‌ನಲ್ಲೂ ಪ್ರಾಜೆಕ್ಟ್‌ನಲ್ಲೂ ಒಂದೇ ಸಂಖ್ಯೆ ಇರಲಿ. ಈ ಲೆಕ್ಕದಲ್ಲಿ ಒಂದು ಚಾನೆಲ್‌ಗೆ ನಿಮಿಷಕ್ಕೆ ಸುಮಾರು 8.6 ಎಂಬಿ ಬೇಕು. ಎರಡು ಚಾನೆಲ್, ಎರಡು ಗಂಟೆ ಅಂದರೆ ಸುಮಾರು 2 ಜಿಬಿ.

3. ಬಫರ್ ಸೈಜ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ತೆಗೆದುಕೊಳ್ಳುವ ಧ್ವನಿಯ ತುಂಡಿನ ಅಳತೆ) 512 ಅಥವಾ 1024 ಇಡಿ. ಇಲ್ಲಿ ತುಂಬಾ ಜನ ತಪ್ಪುತ್ತಾರೆ. 'ಲೇಟೆನ್ಸಿ (ಧ್ವನಿ ತಡವಾಗಿ ಕೇಳುವುದು) ಕಡಿಮೆ ಇರಬೇಕು, 64 ಇಡಿ' ಅನ್ನುವ ಸಲಹೆ ಎಲ್ಲೆಲ್ಲೂ ಇದೆ. ಅದು ಕಂಪ್ಯೂಟರ್ ಮೂಲಕ ಹೆಡ್‌ಫೋನ್‌ನಲ್ಲಿ ತಮ್ಮನ್ನೇ ಕೇಳಿಕೊಂಡು ನುಡಿಸುವವರಿಗೆ. ರಿಹರ್ಸಲ್‌ನಲ್ಲಿ ಯಾರೂ ಲ್ಯಾಪ್‌ಟಾಪ್ ಮೂಲಕ ಕೇಳುವುದಿಲ್ಲ, ಎಲ್ಲರೂ ಕೋಣೆಯಲ್ಲೇ ಕೇಳುತ್ತಾರೆ. ಹಾಗಿದ್ದಾಗ 64 ಇಟ್ಟರೆ ಸಿಗುವುದು ಚಟಪಟ ಸದ್ದು ಮಾತ್ರ.

4. ಎರಡು ಮೋನೋ ಟ್ರ್ಯಾಕ್ ಮಾಡಿ. ಒಂದಕ್ಕೆ 'ರೂಮ್', ಇನ್ನೊಂದಕ್ಕೆ 'ಹಾಡು' ಅಂತ ಹೆಸರಿಡಿ. ಮೊದಲನೆಯದಕ್ಕೆ ಇನ್‌ಪುಟ್ 1, ಎರಡನೆಯದಕ್ಕೆ ಇನ್‌ಪುಟ್ 2 ಕೊಡಿ. ಎರಡರಲ್ಲೂ ರೆಕಾರ್ಡ್ ಮಾನಿಟರಿಂಗ್ (ರೆಕಾರ್ಡ್ ಆಗುತ್ತಿರುವುದನ್ನೇ ಲ್ಯಾಪ್‌ಟಾಪ್ ವಾಪಸ್ ಕೇಳಿಸುವುದು) ಆಫ್ ಮಾಡಿ.

5. ಇದನ್ನು ಪ್ರಾಜೆಕ್ಟ್ ಟೆಂಪ್ಲೇಟ್ ಆಗಿ ಉಳಿಸಿ. ಪ್ರತಿ ವಾರ ಅದನ್ನು ತೆರೆದು, ದಿನಾಂಕದ ಹೆಸರಿನಲ್ಲಿ ಹೊಸ ಫೋಲ್ಡರ್‌ಗೆ ಸೇವ್ ಮಾಡಿ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದರೆ ಫೋಲ್ಡರ್‌ಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

6. ಲ್ಯಾಪ್‌ಟಾಪ್‌ನ ಸ್ಲೀಪ್ ಮೋಡ್, ನೋಟಿಫಿಕೇಶನ್ ಸದ್ದು, ಅಪ್‌ಡೇಟ್ ಮೂರನ್ನೂ ನಿಲ್ಲಿಸಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಎರಡು ಇನ್‌ಪುಟ್‌ನ ಸಣ್ಣ ಇಂಟರ್‌ಫೇಸ್‌ಗಳು ಸಾಮಾನ್ಯವಾಗಿ ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುತ್ತವೆ. ಬ್ಯಾಟರಿ ಇದ್ದರೆ ಮಧ್ಯದಲ್ಲಿ ಕರೆಂಟ್ ಹೋದರೂ ಅಲ್ಲಿಯವರೆಗಿನ ರೆಕಾರ್ಡಿಂಗ್ ಉಳಿಯುತ್ತದೆ.

## ಹಂತ 2: ರೂಮ್ ಮೈಕ್‌ಗೆ ಜಾಗ ಹುಡುಕಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ವ್ಯತ್ಯಾಸ ಮಾಡುವ ಹಂತ ಇದು. ಎರಡು ಅಡಿ ಆಚೀಚೆ ಸರಿಸಿದರೆ ಆಗುವ ಬದಲಾವಣೆಯನ್ನು ದುಬಾರಿ ಮೈಕ್ ಕೂಡ ಮಾಡಲಾರದು.

ಮೊದಲು ಮೈಕ್ ಇಲ್ಲದೆ ನೀವೇ ಸುತ್ತಾಡಿ. ನಾಲ್ವರು ಒಂದು ಹಾಡಿನ ಪಲ್ಲವಿ ನುಡಿಸುತ್ತಿರಲಿ. ಒಂದು ಕಿವಿ ಮುಚ್ಚಿಕೊಂಡು, ಇನ್ನೊಂದು ಕಿವಿಯಲ್ಲಿ ಕೇಳುತ್ತಾ ಕೋಣೆಯಲ್ಲಿ ನಿಧಾನಕ್ಕೆ ನಡೆಯಿರಿ. ಒಂದೇ ಕಿವಿ ಯಾಕೆಂದರೆ, ಎರಡು ಕಿವಿ ಇದ್ದಾಗ ನಮ್ಮ ಮೆದುಳು ಬೇಡದ್ದನ್ನು ಹಿಂದಕ್ಕೆ ತಳ್ಳಿ ಬೇಕಾದ್ದನ್ನು ಕೇಳಿಸಿಕೊಳ್ಳುತ್ತದೆ. ಒಂದು ಮೈಕ್‌ಗೆ ಆ ಶಕ್ತಿ ಇಲ್ಲ. ಗಿಟಾರ್, ಕೀಬೋರ್ಡ್, ಬೇಸ್ ಮೂರೂ ಸ್ಪಷ್ಟವಾಗಿ ಕೇಳುವ ಜಾಗ ಸಿಕ್ಕರೆ ಅಲ್ಲೇ ಸ್ಟ್ಯಾಂಡ್ ಇಡಿ.

ಎತ್ತರ ಆರರಿಂದ ಏಳು ಅಡಿ ಇರಲಿ. ಡ್ರಮ್ಸ್‌ನಿಂದ ಸಾಧ್ಯವಾದಷ್ಟು ದೂರ ಇರಲಿ. ಕಾರ್ಡಿಯಾಯ್ಡ್ ಮೈಕ್ ಆದರೆ ಅದರ ಬೆನ್ನು ಡ್ರಮ್ಸ್ ಕಡೆಗೆ, ಮುಖ ಆ್ಯಂಪ್‌ಗಳ ಕಡೆಗೆ ತಿರುಗಿಸಿ. ಈ ಮೈಕ್‌ಗಳು ಹಿಂದಿನಿಂದ ಬರುವ ಶಬ್ದವನ್ನು ಕಡಿಮೆ ಹಿಡಿಯುತ್ತವೆ. ಡ್ರಮ್ಸ್ ಹೇಗೂ ಗೋಡೆಗೆ ಬಡಿದು ಮೈಕ್ ಸೇರುತ್ತದೆ, ಕಾಣೆಯಾಗುವ ಭಯ ಬೇಡ.

ಮಾಡಬಾರದ್ದು:

- ಕೋಣೆಯ ಮೂಲೆಯಲ್ಲಿ ಇಡಬೇಡಿ. ಮೂಲೆಯಲ್ಲಿ ಬೇಸ್ ಗುಂಯ್‌ಗುಟ್ಟುತ್ತದೆ.
- ಮೇಜಿನ ಮೇಲೆ, ನೆಲದ ಮೇಲೆ, ಆ್ಯಂಪ್ ಮೇಲೆ ಇಡಬೇಡಿ. ಅದರ ನಡುಕ ಎಲ್ಲವೂ ರೆಕಾರ್ಡಿಂಗ್‌ಗೆ ಇಳಿಯುತ್ತದೆ.
- ಫ್ಯಾನ್ ಅಥವಾ ಎಸಿ ಗಾಳಿ ನೇರ ಬೀಳುವಲ್ಲಿ ಇಡಬೇಡಿ.
- ಒಂದೊಂದು ವಾರ ಒಂದೊಂದು ಕಡೆ ಇಡಬೇಡಿ.

ಕೊನೆಯದಕ್ಕೇ ಬಟ್ಟೆ ಟೇಪ್ ಬೇಕು ಅಂದಿದ್ದು. ಸ್ಟ್ಯಾಂಡ್‌ನ ಮೂರು ಕಾಲಿನ ಜಾಗಕ್ಕೂ ನೆಲದ ಮೇಲೆ ಟೇಪ್ ಅಂಟಿಸಿ, ಫೋನ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಪ್ರತಿ ವಾರ ಅದೇ ಜಾಗ ಇದ್ದರೆ ಮಾತ್ರ ಹೋದ ತಿಂಗಳಿಗೂ ಈ ತಿಂಗಳಿಗೂ ಹೋಲಿಸಿ ಕೇಳುವುದಕ್ಕೆ ಅರ್ಥ ಇರುತ್ತದೆ.

## ಹಂತ 3: ಹಾಡಿನ ಲೈನನ್ನು ಮಿಕ್ಸರ್‌ನಿಂದಲೇ ತೆಗೆಯಿರಿ

ರಿಹರ್ಸಲ್ ರೆಕಾರ್ಡಿಂಗ್‌ನಲ್ಲಿ ಮೊದಲು ಮುಳುಗುವುದು ಹಾಡುವವರ ಧ್ವನಿ. ಕೋಣೆಯ ಸ್ಪೀಕರ್ ಡ್ರಮ್ಸ್ ಜೊತೆ ಪೈಪೋಟಿ ಮಾಡಲಾರದು. ಎರಡನೇ ಇನ್‌ಪುಟ್ ಇರುವುದು ಇದಕ್ಕೇ.

ಜಾಮ್ ರೂಮ್‌ನ ಮಿಕ್ಸರ್‌ನಲ್ಲಿ ಆಕ್ಸ್ ಸೆಂಡ್ (ಬೇಕಾದ ಚಾನೆಲ್‌ನ ಧ್ವನಿಯನ್ನು ಮಾತ್ರ ಬೇರೆಯಾಗಿ ಹೊರಗೆ ಕಳಿಸುವ ದಾರಿ) ಇದ್ದೇ ಇರುತ್ತದೆ ಅನ್ನಬಹುದು. ಹಾಡಿನ ಮೈಕ್ ಇರುವ ಚಾನೆಲ್‌ನಲ್ಲಿ ಆಕ್ಸ್ ನಾಬ್ ಎತ್ತಿ, ಆಕ್ಸ್ ಔಟ್‌ನಿಂದ ಜ್ಯಾಕ್ ಕೇಬಲ್ ಎಳೆದು ಇಂಟರ್‌ಫೇಸ್‌ನ ಇನ್‌ಪುಟ್ 2ಕ್ಕೆ ಹಾಕಿ. ಆಕ್ಸ್ ಪ್ರೀ ಫೇಡರ್ (ವಾಲ್ಯೂಮ್ ಫೇಡರ್‌ಗಿಂತ ಮುಂಚೆಯೇ ಧ್ವನಿ ತೆಗೆಯುವಂಥದ್ದು) ಆಗಿದ್ದರೆ ಉತ್ತಮ. ಮಧ್ಯದಲ್ಲಿ ಯಾರಾದರೂ ಹಾಡಿನ ವಾಲ್ಯೂಮ್ ಏರಿಸಿ ಇಳಿಸಿದರೂ ನಿಮ್ಮ ರೆಕಾರ್ಡಿಂಗ್ ಅಲುಗಾಡುವುದಿಲ್ಲ. ಆ ಆಕ್ಸ್ ಈಗಾಗಲೇ ಮಾನಿಟರ್ ಸ್ಪೀಕರ್‌ಗೆ ಹೋಗಿದ್ದರೆ ರೆಕ್ ಔಟ್ (ರೆಕಾರ್ಡಿಂಗ್‌ಗೆಂದೇ ಇರುವ ಔಟ್‌ಪುಟ್) ನೋಡಿ.

ಮೂರು ವಿಷಯ ಗಮನಿಸಿ. ಇನ್‌ಪುಟ್ 2 ಲೈನ್ ಸ್ಥಿತಿಯಲ್ಲಿರಲಿ, ಇನ್‌ಸ್ಟ್ರುಮೆಂಟ್ ಸ್ಥಿತಿಯಲ್ಲಿ ಬೇಡ. 48 ವೋಲ್ಟ್ ಬಟನ್ ಕಂಡೆನ್ಸರ್ ಮೈಕ್‌ಗೆ ಮಾತ್ರ ಬೇಕು, ಡೈನಾಮಿಕ್ ಮೈಕ್ ಆದರೆ ಆಫ್ ಇರಲಿ. ಕೇಬಲ್ ಜೋಡಿಸುವ ಮೊದಲು ಸ್ಪೀಕರ್ ವಾಲ್ಯೂಮ್ ಇಳಿಸಿ, ಇಲ್ಲದಿದ್ದರೆ 'ಟಪ್' ಅಂತ ಬರುವ ಸದ್ದು ಸ್ಪೀಕರ್‌ಗೂ ಕಿವಿಗೂ ಕೆಡುಕು.

ಈ ಎರಡು ಟ್ರ್ಯಾಕ್ ಸೇರಿಸಿ ಕೇಳುವಾಗ ಹಾಡು ಸ್ವಲ್ಪ ಮುಂದೆ ಓಡಿದಂತೆ ಅನ್ನಿಸಬಹುದು. ಶಬ್ದಕ್ಕೆ ಗಾಳಿಯಲ್ಲಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ನಿಮ್ಮ ರೂಮ್ ಮೈಕ್ ಸ್ಪೀಕರ್‌ನಿಂದ ಮೂರು ಮೀಟರ್ ದೂರ ಇದ್ದರೆ ಅದಕ್ಕೆ ಹಾಡು 9 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ, ಕೇಬಲ್‌ನಲ್ಲಿ ಬಂದದ್ದು ಆಗಲೇ ಮುಟ್ಟಿರುತ್ತದೆ. ಸರಿಪಡಿಸುವುದು ಸುಲಭ. ಶುರುವಿನಲ್ಲಿ ಹಾಡುವ ಮೈಕ್ ಮುಂದೆ ಒಂದು ಗಟ್ಟಿ ಚಪ್ಪಾಳೆ ಹೊಡೆಯಿರಿ. ಆಮೇಲೆ ಎರಡೂ ಟ್ರ್ಯಾಕ್‌ನಲ್ಲಿ ಚಪ್ಪಾಳೆಯ ಚೂಪು ತುದಿ ಹುಡುಕಿ, ಹಾಡಿನ ಟ್ರ್ಯಾಕನ್ನು ಅಷ್ಟು ಬಲಗಡೆಗೆ, ಅಂದರೆ ತಡವಾಗಿ ಬರುವಂತೆ, ಸರಿಸಿ.

## ಹಂತ 4: ಲೆವೆಲ್ ಹೊಂದಿಸಿ

'ಹಲೋ ಹಲೋ, ಚೆಕ್ ಚೆಕ್' ಅಂತ ಹೇಳಿ ಲೆವೆಲ್ ಇಟ್ಟರೆ ಮೊದಲ ಹಾಡಿನಲ್ಲೇ ಕೆಂಪು ದೀಪ ಹತ್ತುತ್ತದೆ. ನಿಮ್ಮ ಪಟ್ಟಿಯಲ್ಲಿ ಅತಿ ಜೋರಾದ ಹಾಡು ಯಾವುದು, ಅದರಲ್ಲೂ ಅತಿ ಜೋರಾದ ಭಾಗ ಯಾವುದು? ಅದನ್ನೇ ಐದೂ ಜನ ಒಂದು ನಿಮಿಷ ನುಡಿಸಲಿ. ಆಗ ಇಂಟರ್‌ಫೇಸ್‌ನ ಗೇನ್ ನಾಬ್ (ಒಳಬರುವ ಧ್ವನಿಯನ್ನು ಏರಿಸಿ ಇಳಿಸುವುದು) ತಿರುಗಿಸಿ. ರೀಪರ್‌ನ ಮೀಟರ್‌ನಲ್ಲಿ 0 ಅಂದರೆ ಧ್ವನಿ ಒಡೆಯುವ ಮಿತಿ; ಅದು ಮೈನಸ್ 18 ಮತ್ತು ಮೈನಸ್ 12 ಡೆಸಿಬೆಲ್ ನಡುವೆ ಕುಣಿಯುತ್ತಿರಲಿ. ಅಪರೂಪಕ್ಕೆ ಮೈನಸ್ 6 ಮುಟ್ಟಿದರೂ ಅದಕ್ಕಿಂತ ಮೇಲೆ ಬೇಡ.

'ಇಷ್ಟು ಕಡಿಮೆಯಾ?' ಅಂತ ಎಲ್ಲರೂ ಕೇಳುತ್ತಾರೆ. ಹೌದು, ಇಷ್ಟೇ ಸಾಕು. ಹುರುಪು ಬಂದಮೇಲೆ ಎಲ್ಲರೂ ಜೋರಾಗಿ ನುಡಿಸುತ್ತಾರೆ, ಅದಕ್ಕೆ ಜಾಗ ಬಿಟ್ಟಿರಬೇಕು. 24 ಬಿಟ್‌ನಲ್ಲಿ ಕಡಿಮೆ ಲೆವೆಲ್‌ನ ರೆಕಾರ್ಡಿಂಗನ್ನು ಆಮೇಲೆ ಎತ್ತಿಕೊಳ್ಳಬಹುದು. ಒಡೆದ ಧ್ವನಿಯನ್ನು ಮಾತ್ರ ಮತ್ತೆ ಕೂಡಿಸಲು ಆಗುವುದಿಲ್ಲ.

ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ನೋಡುತ್ತೇನೆ. ಮೊದಲನೆಯದು, ಕೆಂಪು ಬಂದಾಗ ಸಾಫ್ಟ್‌ವೇರ್‌ನ ಫೇಡರ್ ಇಳಿಸುವುದು. ಅದರಿಂದ ಕೇಳುವ ಶಬ್ದ ಕಡಿಮೆ ಆಗುತ್ತದೆ ಅಷ್ಟೇ, ರೆಕಾರ್ಡ್ ಆಗುತ್ತಿರುವುದು ಒಡೆದೇ ಇರುತ್ತದೆ. ಇಳಿಸಬೇಕಾದ್ದು ಇಂಟರ್‌ಫೇಸ್‌ನ ಗೇನ್. ಎರಡನೆಯದು, ಮಿಕ್ಸರ್‌ನಲ್ಲೇ ಧ್ವನಿ ಒಡೆಯುತ್ತಿರುವುದು. ಆಗ ರೀಪರ್‌ನಲ್ಲಿ ಎಲ್ಲಾ ಹಸಿರೇ ಕಾಣುತ್ತದೆ, ಆದರೂ ಕಿವಿಗೆ ಕರಕರ ಅನ್ನುತ್ತದೆ. ಅಲೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ತುದಿಗಳು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಚಪ್ಪಟೆ ಇದ್ದರೆ ಮಿಕ್ಸರ್‌ನ ಹಾಡಿನ ಚಾನೆಲ್ ಗೇನ್ ಇಳಿಸಿ.

ಲೆವೆಲ್ ಸರಿಯಾದ ಮೇಲೆ ಗೇನ್ ನಾಬ್‌ಗಳ ಫೋಟೊ ತೆಗೆಯಿರಿ. ಆಮೇಲೆ ಮುಟ್ಟಬೇಡಿ.

## ಹಂತ 5: ಅರ್ಧ ನಿಮಿಷ ರೆಕಾರ್ಡ್ ಮಾಡಿ, ಕೇಳಿ

ಇದನ್ನು ಬಿಡಲೇಬೇಡಿ. ನಾನು ಬಿಟ್ಟು ಪೆಟ್ಟು ತಿಂದಿದ್ದೇನೆ. ಒಂದು ಕಾರ್ಯಕ್ರಮಕ್ಕೆ ಮುಂಚಿನ ಕೊನೆಯ ರಿಹರ್ಸಲ್. ಪರದೆಯ ಮೇಲೆ ಅಲೆಗಳು ಚೆನ್ನಾಗಿ ಏಳುತ್ತಿದ್ದವು, ನಾನು ನಿಶ್ಚಿಂತೆಯಿಂದ ಕೀಬೋರ್ಡ್ ನುಡಿಸುತ್ತಿದ್ದೆ. ಮನೆಗೆ ಬಂದು ಕೇಳಿದರೆ ಫ್ಯಾನ್ ಸದ್ದು, ಅದರ ಹಿಂದೆ ಎಲ್ಲೋ ದೂರದಲ್ಲಿ ಹಾಡು. ಇಂಟರ್‌ಫೇಸ್‌ನ ಕೇಬಲ್ ಒಮ್ಮೆ ಕಳಚಿ ಮತ್ತೆ ಸೇರಿಸಿದ್ದೆ. ಆ ಹೊತ್ತಿಗೆ ಸಾಫ್ಟ್‌ವೇರ್ ಲ್ಯಾಪ್‌ಟಾಪ್‌ನ ಸ್ವಂತ ಮೈಕ್‌ಗೆ ಹೊರಳಿತ್ತು. ಎರಡೂವರೆ ಗಂಟೆಯ ಕೆಲಸ ಹೋಯಿತು. ಗಾಯಕಿಗೆ ಅವತ್ತಿನ ರೆಕಾರ್ಡಿಂಗ್ ಬೇಕೇ ಬೇಕಿತ್ತು, ಕೊಡಲು ಆಗಲಿಲ್ಲ. ಆ ಬೇಜಾರು ಇವತ್ತಿಗೂ ಇದೆ.

ಅಲೆ ಕಾಣುತ್ತಿದೆ ಅಂದಮಾತ್ರಕ್ಕೆ ಸರಿಯಾದ ಮೈಕ್‌ನಿಂದ ಬರುತ್ತಿದೆ ಅಂತಲ್ಲ. ಹೀಗೆ ಪರೀಕ್ಷೆ ಮಾಡಿ:

1. ರೆಕಾರ್ಡ್ ಒತ್ತಿ. ರೂಮ್ ಮೈಕ್‌ನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. 'ರೂಮ್' ಟ್ರ್ಯಾಕ್ ಜೋರಾಗಿ ಜಿಗಿಯಬೇಕು.
2. ಹಾಡುವವರು ಒಂದು ಸಾಲು ಹಾಡಲಿ. 'ಹಾಡು' ಟ್ರ್ಯಾಕ್ ಜೋರಾಗಿ ಏಳಬೇಕು.
3. ಎಲ್ಲರೂ ಸೇರಿ ಹತ್ತು ಸೆಕೆಂಡ್ ನುಡಿಸಿ.
4. ನಿಲ್ಲಿಸಿ, ಹೆಡ್‌ಫೋನ್‌ನಲ್ಲಿ ಕೇಳಿ. ಒಂದೊಂದು ಟ್ರ್ಯಾಕನ್ನೂ ಬೇರೆಯಾಗಿ ಕೇಳಿ.

ಕೇಬಲ್ ಕಳಚಿ ಸೇರಿಸಿದಾಗಲೆಲ್ಲ ಈ ಪರೀಕ್ಷೆ ಮತ್ತೆ ಮಾಡಬೇಕು. ಹಾಗೆಯೇ, ರೆಕಾರ್ಡ್ ಆಗುತ್ತಿದೆ ಅನ್ನುವುದು ಕೋಣೆಯಲ್ಲಿರುವ ಎಲ್ಲರಿಗೂ ಗೊತ್ತಿರಲಿ. ಫೈಲ್ ಬ್ಯಾಂಡ್‌ನ ಹೊರಗೆ ಹೋಗುವುದಿಲ್ಲ ಅಂತ ಮೊದಲೇ ಮಾತಾಡಿಕೊಳ್ಳಿ. ಹಾಡು ಎಡವಿದ ಒಂದು ತುಣುಕು ಯಾರದೋ ಸ್ಟೇಟಸ್‌ನಲ್ಲಿ ಕಾಣಿಸಿಕೊಂಡರೆ ಆ ಮನುಷ್ಯ ಮುಂದೆ ಮೈಕ್ ಕಂಡಾಗಲೆಲ್ಲ ಬಿಗಿಯಾಗಿಬಿಡುತ್ತಾರೆ.

## ಹಂತ 6: ನುಡಿಸುತ್ತಿರುವಾಗಲೇ ಗುರುತು ಹಾಕಿ

ಎರಡು ಗಂಟೆ ರೆಕಾರ್ಡ್ ಮಾಡಿ, ಮನೆಗೆ ಹೋಗಿ 'ಆ ತಪ್ಪು ಎಲ್ಲಿತ್ತು' ಅಂತ ಹುಡುಕುವುದು ಯಾರಿಗೂ ಆಗದ ಕೆಲಸ. ಫೈಲ್‌ಗಳು ಕೇಳದೆ ಕೊಳೆಯುವುದು ಇಲ್ಲೇ.

ರೆಕಾರ್ಡಿಂಗ್ ನಿಲ್ಲಿಸದೆ ಒಂದೇ ಸಮನೆ ಓಡಲಿ. ಪ್ರತಿ ಹಾಡು ಶುರುವಾಗುವಾಗ ರೀಪರ್‌ನಲ್ಲಿ ಎಂ ಕೀ ಒತ್ತಿ, ಮಾರ್ಕರ್ ಬೀಳುತ್ತದೆ. ಎಲ್ಲೋ ತಾಳ ತಪ್ಪಿತು, ಬಿಜಿಎಂ ಬಿಟ್ (ಹಾಡಿನ ನಡುವೆ ಬರುವ ವಾದ್ಯದ ತುಣುಕು) ಕೂರಲಿಲ್ಲ ಅನ್ನಿಸಿದ ತಕ್ಷಣ ಮತ್ತೆ ಎಂ. ಹೆಸರು ಬರೆಯಲು ಆಗ ಹೋಗಬೇಡಿ, ಕೀ ಒತ್ತಿದರೆ ಸಾಕು. ಆಡಾಸಿಟಿಯಲ್ಲಿ ಕಂಟ್ರೋಲ್ ಜೊತೆ ಎಂ ಒತ್ತಿದರೆ ಆ ಕ್ಷಣಕ್ಕೆ ಲೇಬಲ್ ಬೀಳುತ್ತದೆ.

ಲ್ಯಾಪ್‌ಟಾಪ್ ಯಾರ ಕೈಗೆಟುಕುತ್ತದೋ ಅವರದು ಈ ಕೆಲಸ. ಕೀಬೋರ್ಡ್ ನುಡಿಸುವವರಿಗೆ ಸುಲಭ. ಯಾರಿಗೂ ಎಟುಕದಿದ್ದರೆ ಇನ್ನೊಂದು ದಾರಿ ಇದೆ. ಹಾಡು ಮುಗಿದ ಕೂಡಲೇ ಹಾಡುವವರು ಮೈಕ್‌ನಲ್ಲೇ ಜೋರಾಗಿ ಹೇಳಲಿ: "ಎರಡನೇ ಟೇಕ್, ಎರಡನೇ ಚರಣ ಸರಿಯಿಲ್ಲ." ಆ ಮಾತು 'ಹಾಡು' ಟ್ರ್ಯಾಕ್‌ನಲ್ಲಿ ಸ್ಪಷ್ಟವಾಗಿ ಇರುತ್ತದೆ.

ನಡುವಿನ ವಿರಾಮದಲ್ಲಿ ಒಮ್ಮೆ ನಿಲ್ಲಿಸಿ, ಸೇವ್ ಮಾಡಿ, ಮತ್ತೆ ಶುರು ಮಾಡಿ.

## ಹಂತ 7: ಅದೇ ರಾತ್ರಿ ಕತ್ತರಿಸಿ, ಕಳಿಸಿ

ಕತ್ತರಿಸುವುದು ಅದೇ ರಾತ್ರಿ, ತೀರ್ಪು ಕೊಡುವುದು ಮಾರನೇ ದಿನ. ಎರಡು ಗಂಟೆ ಡ್ರಮ್ಸ್ ಪಕ್ಕದಲ್ಲಿ ನಿಂತ ಕಿವಿ ದಣಿದಿರುತ್ತದೆ. ಅಮೆರಿಕದ ಕೆಲಸದ ಸುರಕ್ಷತೆಯ ಸಂಸ್ಥೆ ನಿಯೋಶ್ ಹೇಳುವ ಮಿತಿ, 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ, 100 ಡೆಸಿಬೆಲ್ ಆದರೆ 15 ನಿಮಿಷ. ಮುಚ್ಚಿದ ಕೋಣೆಯಲ್ಲಿ ಡ್ರಮ್ಸ್ ಇದ್ದರೆ 100 ಮುಟ್ಟುವುದು ಕಷ್ಟವೇನಲ್ಲ. ಇಯರ್‌ಪ್ಲಗ್ ಹಾಕಿಕೊಳ್ಳಿ. ಮನೆಗೆ ಬಂದು ಕಿವಿ ಗುಂಯ್ ಅನ್ನುತ್ತಿದ್ದರೆ ಅದು ಮೀರಿದ್ದರ ಸೂಚನೆ.

ಕತ್ತರಿಸುವ ಕ್ರಮ ಹೀಗೆ:

1. ಒಂದು ಹಾಡಿನ ಶುರುವಿನಿಂದ ಕೊನೆಯವರೆಗೆ ಆರಿಸಿ, ಶಿಫ್ಟ್ ಜೊತೆ ಆರ್ ಒತ್ತಿ. ಅದು ಒಂದು ರೀಜನ್ ಆಗುತ್ತದೆ. ಹಾಡಿನ ಹೆಸರು, ಟೇಕ್ ಸಂಖ್ಯೆ ಬರೆಯಿರಿ.
2. ಒಂದು ಹಾಡಿಗೆ ಒಂದೇ ಟೇಕ್ ಕಳಿಸಿ. ಸಾಮಾನ್ಯವಾಗಿ ಕೊನೆಯದು.
3. 'ಹಾಡು' ಟ್ರ್ಯಾಕ್‌ನ ಫೇಡರ್ ಎತ್ತಿ, ಸಾಹಿತ್ಯ ಸ್ಪಷ್ಟವಾಗಿ ಕೇಳುವಷ್ಟು ಮಾತ್ರ. ರಿವರ್ಬ್ (ಪ್ರತಿಧ್ವನಿಯ ಎಫೆಕ್ಟ್) ಬೇಡ. ರಿವರ್ಬ್ ಹಾಕಿದರೆ ಶ್ರುತಿ ಬಿಟ್ಟಿದ್ದೂ ಚೆಂದ ಕೇಳುತ್ತದೆ.
4. ರೆಂಡರ್ ತೆರೆದು, ಎಲ್ಲ ರೀಜನ್‌ಗಳನ್ನೂ ಬೇರೆ ಬೇರೆ ಎಂಪಿ3 ಫೈಲ್ ಮಾಡಿ. 128 ಕೆಬಿಪಿಎಸ್ ಆದರೆ ನಿಮಿಷಕ್ಕೆ ಸುಮಾರು 1 ಎಂಬಿ. ಆಡಾಸಿಟಿಯಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಲೇಬಲ್ ಪ್ರಕಾರ ಬೇರೆ ಫೈಲ್ ಮಾಡುವ ಆಯ್ಕೆ ಇದೆ.
5. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಸ್ಪೀಕರ್ ಮುಂದೆ ಫೋನ್ ಹಿಡಿದು ವಾಯ್ಸ್ ಮೆಸೇಜ್ ಮಾಡಬೇಡಿ.

ಎರಡು ಗಂಟೆಯ ಫೈಲ್ ಪೂರ್ತಿ ಕಳಿಸಿ 'ಎಲ್ಲರೂ ಕೇಳಿ' ಅಂದರೆ ಒಬ್ಬರೂ ಕೇಳುವುದಿಲ್ಲ. ನಾಲ್ಕೂವರೆ ನಿಮಿಷದ ಫೈಲನ್ನು ಬಸ್‌ನಲ್ಲಿ ಕೂತು ಕೇಳುತ್ತಾರೆ.

## ಹಂತ 8: ಕೇಳಿ, ಬರೆದುಕೊಳ್ಳಿ

ಮೊದಲ ಸಲ ಕೈಯಲ್ಲಿ ವಾದ್ಯ ಇಲ್ಲದೆ ಪೂರ್ತಿ ಕೇಳಿ. ಎರಡನೇ ಸಲ ನಿಮ್ಮ ಭಾಗವನ್ನು ಮಾತ್ರ ಹಿಂಬಾಲಿಸಿ. ಟಿಪ್ಪಣಿಯಲ್ಲಿ ಸಮಯ, ವಾದ್ಯ, ಏನಾಯಿತು ಮೂರೂ ಇರಬೇಕು. ಹೀಗೆ:

2:14, ಬೇಸ್, ಎರಡನೇ ಚರಣಕ್ಕೆ ಒಂದು ಬಾರ್ ಮುಂಚೆ ಹೋಗಿದ್ದೇನೆ.
3:02, ಹಾಡು, ಮೇಲಿನ ಸ್ವರ ತಲುಪಿಲ್ಲ.
3:40, ಕೀಬೋರ್ಡ್, ಬಿಜಿಎಂ ಆದಮೇಲೆ ಕೈ ಎತ್ತಿಲ್ಲ, ಹಾಡಿನ ಮೇಲೆ ಬಿದ್ದಿದೆ.

'ಸೆಕೆಂಡ್ ಹಾಫ್ ಸ್ವಲ್ಪ ಡಲ್' ಅಂತ ಬರೆದರೆ ಯಾರಿಗೂ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಮತ್ತೆ ಒಂದು ನಿಯಮ, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ: ಗುಂಪಿನಲ್ಲಿ ಬರೆಯುವಾಗ ಮೊದಲು ಪ್ರತಿಯೊಬ್ಬರೂ ತಮ್ಮ ತಪ್ಪನ್ನು ಮಾತ್ರ ಬರೆಯಲಿ. ಬೇರೆಯವರದನ್ನು ಎದುರು ಸಿಕ್ಕಾಗ ಹೇಳಿ. ಇದನ್ನು ಪಾಲಿಸದೆ ರೆಕಾರ್ಡಿಂಗ್ ಶುರು ಮಾಡಿ ಎರಡೇ ತಿಂಗಳಲ್ಲಿ ಒಡೆದುಹೋದ ಬ್ಯಾಂಡ್ ನೋಡಿದ್ದೇನೆ.

## ಹಂತ 9: ಲಯವನ್ನೂ ಶ್ರುತಿಯನ್ನೂ ಅಳೆದು ನೋಡಿ

ಸಾಫ್ಟ್‌ವೇರ್ ನಿಜವಾಗಿ ಕೈಹಿಡಿಯುವುದು ಇಲ್ಲಿ. ಫೋನ್ ರೆಕಾರ್ಡರ್‌ನಲ್ಲಿ ಇದು ಆಗುವುದಿಲ್ಲ.

ಟೆಂಪೋ ಓಡುತ್ತಿದೆಯಾ ಅಂತ ನೋಡಲು ರೀಪರ್‌ನಲ್ಲಿ ಟೆಂಪೋ ಪಕ್ಕದ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ಬಟನ್ ಮೇಲೆ ಬೀಟ್‌ಗೆ ಸರಿಯಾಗಿ ಕ್ಲಿಕ್ ಮಾಡುತ್ತಾ ಹೋಗಿ, ಅದು ಸಂಖ್ಯೆ ತೋರಿಸುತ್ತದೆ. ಪಲ್ಲವಿಯಲ್ಲಿ ಒಮ್ಮೆ, ಕೊನೆಯ ಚರಣದಲ್ಲಿ ಒಮ್ಮೆ ಅಳೆಯಿರಿ. ಎರಡು ಮೂರು ಏರಿದ್ದರೆ ಚಿಂತೆ ಬೇಡ, ಹಾಡಿಗೆ ಉಸಿರು ಬೇಕು. ಎಂಟು ಹತ್ತು ಏರಿದ್ದರೆ ಎಲ್ಲಿಂದ ಏರಿತು ಅಂತ ಹುಡುಕಿ.

ನಮ್ಮ ಒಂದು ಹಾಡು 92ರಲ್ಲಿ ಶುರುವಾಗಿ 101ರಲ್ಲಿ ಮುಗಿಯುತ್ತಿತ್ತು. ಎಲ್ಲರೂ ಡ್ರಮ್ಮರ್ ಕಡೆ ನೋಡುತ್ತಿದ್ದೆವು, ಅವನೂ ಒಪ್ಪಿಕೊಂಡು ಮನೆಯಲ್ಲಿ ಮೆಟ್ರೊನೋಮ್ ಇಟ್ಟು ಕೂರುತ್ತಿದ್ದ. ಒಂದು ದಿನ ಎರಡನೇ ಚರಣದ ಮುಂಚಿನ ನಾಲ್ಕು ಬಾರ್ ಮಾತ್ರ ಲೂಪ್ ಮಾಡಿ, ನಿಧಾನ ಮಾಡಿ ಕೇಳಿದೆ. ಡ್ರಮ್ ರೋಲ್ ಬರುವುದಕ್ಕೆ ಎರಡು ಬಾರ್ ಮುಂಚೆಯೇ ಗಿಟಾರ್ ಸ್ಟ್ರಮಿಂಗ್ ಮುಂದಕ್ಕೆ ನೂಕುತ್ತಿತ್ತು. ಡ್ರಮ್ಮರ್ ಅದನ್ನು ಹಿಂಬಾಲಿಸುತ್ತಿದ್ದ ಅಷ್ಟೇ. ಗಿಟಾರಿಸ್ಟ್‌ಗೆ ಆ ಹತ್ತು ಸೆಕೆಂಡ್ ಕೇಳಿಸಿದೆ. ಅವನು ಏನೂ ಹೇಳದೆ ಮತ್ತೊಂದು ಸಲ ಹಾಕಿಸಿಕೊಂಡು ಕೇಳಿದ. ಮುಂದಿನ ವಾರಕ್ಕೆ ಸರಿಯಾಯಿತು.

ನಿಧಾನ ಮಾಡುವಾಗ ಪ್ಲೇ ರೇಟ್ 0.8ಕ್ಕೆ ಇಳಿಸಿ, ಪಿಚ್ ಉಳಿಸುವ ಆಯ್ಕೆ ಆನ್ ಇರಲಿ. ಇಲ್ಲದಿದ್ದರೆ ಶ್ರುತಿಯೂ ಇಳಿಯುತ್ತದೆ.

ಇನ್ನು ಶ್ರುತಿ. ಹಾಡುವವರಿಗೆ ಸ್ಕೇಲ್ ಎತ್ತರ ಆಯಿತಾ ಅನ್ನುವ ಚರ್ಚೆ ಪ್ರತಿ ಬ್ಯಾಂಡ್‌ನಲ್ಲೂ ಇದೆ. ಎಲ್ಲರೂ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಿಸಿ ನುಡಿಸಿ ನೋಡುವ ಮುನ್ನ, ಮನೆಯಲ್ಲಿ ಕೀಬೋರ್ಡ್‌ನಿಂದ ಕಾರ್ಡ್‌ಗಳನ್ನು ಮಾತ್ರ ನುಡಿಸಿ ಒಂದು ಸರಳ ಗೈಡ್ ಟ್ರ್ಯಾಕ್ ಮಾಡಿ. ರೀಪರ್‌ನಲ್ಲಿ ಅದನ್ನು ಆರಿಸಿ ಎಫ್2 ಒತ್ತಿದರೆ ಪಿಚ್ ಬದಲಿಸುವ ಜಾಗ ಸಿಗುತ್ತದೆ. ಮೈನಸ್ 1, ಮೈನಸ್ 2 ಮಾಡಿ, ಮೊದಲಿನದೂ ಸೇರಿ ಮೂರು ಫೈಲ್ ಕೊಡಿ. ಒಂದು ಸೆಮಿಟೋನ್ ಅಂದರೆ ಹಾರ್ಮೋನಿಯಂನಲ್ಲಿ ಪಕ್ಕದ ಒಂದು ಮನೆ, ಕಪ್ಪಾಗಲಿ ಬಿಳಿಯಾಗಲಿ. ಹಾಡುವವರು ಮನೆಯಲ್ಲಿ ಮೂರರ ಮೇಲೂ ಹಾಡಿ ನೋಡಲಿ. ಮೇಲಿನ ಸ್ವರ ಮಾತ್ರ ನೋಡಿದರೆ ಸಾಲದು, ಪಲ್ಲವಿಯ ಕೆಳಗಿನ ಸ್ವರ ಗಾಳಿಯಾಗಿ ಹೋಗುತ್ತಿದೆಯಾ ಅಂತಲೂ ನೋಡಬೇಕು.

ಅದೇ ಗೈಡ್ ಟ್ರ್ಯಾಕ್‌ಗೆ ಎರಡು ಬಾರ್ ಕೌಂಟ್ ಮತ್ತು ಕ್ಲಿಕ್ ಸೇರಿಸಿದರೆ ಎಲ್ಲರಿಗೂ ಮನೆ ಪ್ರಾಕ್ಟೀಸ್‌ಗೆ ಆಗುತ್ತದೆ.

## ಹಂತ 10: ಮುಂದಿನ ರಿಹರ್ಸಲ್ ಅನ್ನು ಟಿಪ್ಪಣಿಯಿಂದ ಶುರು ಮಾಡಿ

ಸೇರಿದ ಕೂಡಲೇ ಪೂರ್ತಿ ಹಾಡು ಎತ್ತಿಕೊಳ್ಳಬೇಡಿ. ಟಿಪ್ಪಣಿಯಿಂದ ಮೂರು ಜಾಗ ಮಾತ್ರ ಆರಿಸಿ. ಮೂರಕ್ಕಿಂತ ಜಾಸ್ತಿ ಬೇಡ. ಲ್ಯಾಪ್‌ಟಾಪನ್ನು ಸ್ಪೀಕರ್‌ಗೆ ಜೋಡಿಸಿ ಆ ತುಣುಕನ್ನು ಒಮ್ಮೆ ಎಲ್ಲರೂ ಕೇಳಿ. ಆಮೇಲೆ ಅದರ ಹಿಂದಿನ ನಾಲ್ಕು ಬಾರ್, ಮುಂದಿನ ನಾಲ್ಕು ಬಾರ್ ಮಾತ್ರ ಐದಾರು ಸಲ ನುಡಿಸಿ. ಒಂದು ಜಾಗಕ್ಕೆ ಐದು ನಿಮಿಷ. ಒಟ್ಟು ಹದಿನೈದು ನಿಮಿಷದಲ್ಲಿ ಮುಗಿಯಬೇಕು. ಮುಗಿದ ಮೇಲೆ ಪೂರ್ತಿ ಹಾಡು, ರೆಕಾರ್ಡ್ ಆನ್.

## ಹೀಗೆ ಕೇಳಿಸಿದರೆ ಹೀಗೆ ಮಾಡಿ

ಚಟಪಟ ಸದ್ದು, ನಡುನಡುವೆ ಕತ್ತರಿಸಿದಂತೆ: ಬಫರ್ 1024ಕ್ಕೆ ಏರಿಸಿ. ಬೇರೆ ಪ್ರೋಗ್ರಾಮ್ ಮುಚ್ಚಿ. ಯುಎಸ್‌ಬಿ ಹಬ್ ತೆಗೆದು ಲ್ಯಾಪ್‌ಟಾಪ್‌ಗೆ ನೇರ ಜೋಡಿಸಿ.

ಇಡೀ ಹಾಡು ಒಂದೂವರೆ ಸೆಮಿಟೋನ್ ಮೇಲೆ ಅಥವಾ ಕೆಳಗೆ, ವೇಗವೂ ಬೇರೆ: ಇಂಟರ್‌ಫೇಸ್ 44.1ರಲ್ಲಿ, ಪ್ರಾಜೆಕ್ಟ್ 48ರಲ್ಲಿ ಇದೆ, ಇಲ್ಲವೇ ಅದರ ಉಲ್ಟಾ. ಎರಡನ್ನೂ ಒಂದೇ ಮಾಡಿ.

ಗುಂಯ್ ಅನ್ನುವ ಸದ್ದು ನಿಲ್ಲುತ್ತಲೇ ಇಲ್ಲ: ಲ್ಯಾಪ್‌ಟಾಪ್ ಚಾರ್ಜರ್ ಕಳಚಿ ನೋಡಿ. ನಿಂತರೆ ಅದು ಗ್ರೌಂಡ್ ಲೂಪ್ (ಎರಡು ಕಡೆಯ ಅರ್ಥ್ ಜೋಡಿಸಿಕೊಂಡು ಆಗುವ ಸದ್ದು), ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಮಿಕ್ಸರ್‌ನ ಅಥವಾ ಆ್ಯಂಪ್‌ನ ಅರ್ಥ್ ಪಿನ್ ಮುರಿದು ಸರಿಮಾಡಲು ಯಾರಾದರೂ ಹೇಳಿದರೆ ಕೇಳಬೇಡಿ, ಪ್ರಾಣಕ್ಕೆ ಅಪಾಯ.

ಸ್ಪೀಕರ್‌ನಿಂದ ಕೀರಲು ಅಥವಾ ಎರಡೆರಡು ಸಲ ಕೇಳುವ ಹಾಡು: ರೆಕಾರ್ಡ್ ಮಾನಿಟರಿಂಗ್ ಆನ್ ಆಗಿದೆ.

ಟಿಟಿಟಿಕ್ ಅಂತ ನಡುನಡುವೆ ಬರುವ ಸದ್ದು: ಇಂಟರ್‌ಫೇಸ್ ಮೇಲೆ ಯಾರೋ ಫೋನ್ ಇಟ್ಟಿದ್ದಾರೆ.

## ಎಂಟು ಇನ್‌ಪುಟ್ ಯಾವಾಗ?

ಎರಡು ಟ್ರ್ಯಾಕ್‌ನ ರೆಕಾರ್ಡಿಂಗನ್ನು ಎಂಟು ವಾರ ಬಿಡದೆ ಮಾಡಿ, ಕಳಿಸಿ, ಎಲ್ಲರೂ ಕೇಳಿದ್ದಾರೆ ಅಂದರೆ ಆಗ ಯೋಚಿಸಿ. ಎಂಟು ಟ್ರ್ಯಾಕ್ ಅಂದರೆ ಎರಡು ಗಂಟೆಗೆ 8 ಜಿಬಿ ಮೀರುತ್ತದೆ, ಮೈಕ್ ಇಡಲು ಅರ್ಧ ಗಂಟೆ ಬೇಕು, ರಾತ್ರಿ ಮಿಕ್ಸ್ ಮಾಡದೆ ಕಳಿಸಲು ಆಗುವುದಿಲ್ಲ. ಒಂದೇ ಕೋಣೆಯಲ್ಲಿ ಎಲ್ಲರೂ ನುಡಿಸುವುದರಿಂದ ಗಿಟಾರ್ ಮೈಕ್‌ನಲ್ಲೂ ಡ್ರಮ್ಸ್ ಇರುತ್ತದೆ. ಹಾಗಾಗಿ 'ನನ್ನ ಭಾಗ ಮ್ಯೂಟ್ ಮಾಡಿ ಅದರ ಜೊತೆ ಪ್ರಾಕ್ಟೀಸ್ ಮಾಡ್ತೀನಿ' ಅನ್ನುವ ಆಸೆಯೂ ಪೂರ್ತಿ ಈಡೇರುವುದಿಲ್ಲ. ಅದಕ್ಕೆ ಮೇಲೆ ಹೇಳಿದ ಗೈಡ್ ಟ್ರ್ಯಾಕೇ ಒಳ್ಳೆಯದು. ಹೆಚ್ಚು ಇನ್‌ಪುಟ್ ಬೇಕೇ ಬೇಕು ಅಂದರೆ ಮೊದಲು ಸೇರಿಸಬೇಕಾದ್ದು ಬೇಸ್ ಮತ್ತು ಕೀಬೋರ್ಡ್. ಎರಡನ್ನೂ ಡಿಐ ಬಾಕ್ಸ್ (ವಾದ್ಯದ ಧ್ವನಿಯನ್ನು ಕೇಬಲ್‌ನಲ್ಲೇ ಕಳಿಸುವ ಸಣ್ಣ ಪೆಟ್ಟಿಗೆ) ಮೂಲಕ ನೇರ ತೆಗೆಯಬಹುದು, ಮೈಕ್ ಬೇಡ.

## ಹಳೆಯ ಫೈಲ್‌ಗಳು

ತಿಂಗಳ ಕೊನೆಯಲ್ಲಿ ಒಂದು ದಿನ ಕೂತು, ಕಳಿಸಿದ ಎಂಪಿ3ಗಳನ್ನೂ ಟಿಪ್ಪಣಿಗಳನ್ನೂ ಒಂದು ಫೋಲ್ಡರ್‌ಗೆ ಹಾಕಿ. ಅದರ ಒಂದು ಪ್ರತಿ ಬೇರೆ ಡ್ರೈವ್‌ನಲ್ಲಿರಲಿ. ಪೂರ್ತಿ ಉದ್ದದ ರೆಕಾರ್ಡಿಂಗ್‌ಗಳಲ್ಲಿ ಕಳೆದ ನಾಲ್ಕು ವಾರದ್ದು ಇಟ್ಟುಕೊಂಡು ಉಳಿದದ್ದನ್ನು ಅಳಿಸಿ. ಅಳಿಸುವ ಮುನ್ನ ಮಾರ್ಕರ್‌ಗಳ ಮೇಲೆ ಒಮ್ಮೆ ಓಡಾಡಿ ಬನ್ನಿ, ರೀಪರ್‌ನಲ್ಲಿ ಬಲಗಡೆಯ ಚೌಕ ಬ್ರಾಕೆಟ್ ಕೀ ಒತ್ತಿದರೆ ಮುಂದಿನ ಮಾರ್ಕರ್‌ಗೆ ಹೋಗುತ್ತದೆ. ವಿರಾಮದಲ್ಲಿ ಯಾರೋ ಸುಮ್ನೆ ನುಡಿಸಿದ ಒಂದು ಒಳ್ಳೆಯ ಬಿಟ್ ಸಿಕ್ಕರೆ ಅದನ್ನು 'ಹೊಸದು' ಅನ್ನುವ ಬೇರೆ ಫೋಲ್ಡರ್‌ಗೆ ಹಾಕಿ, ಮುಂದಿನ ಭಾನುವಾರ ನುಡಿಸಿದವರಿಗೇ ಕೇಳಿಸಿ.